ಮೊದಲು ಕೊರತೆ, ಆಮೇಲೆ ಕೀಲಿ

ಮುದ್ದೇಬಿಹಾಳದ ತಾಳಿಕೋಟಿ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಹಾಲಿನವನ ಬೈಕು ಆಗಲೇ ಒಂದು ಸುತ್ತು ಮುಗಿಸಿದೆ. ಬೀಗ ಹಾಕಿದ ಮನೆಯೊಂದರ ಮುಂದೆ ನಿಂತ ಶೇವಂತೆವ್ವ ಹಡಲಗೇರಿ ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿ ತೆಗೆಯುತ್ತಾರೆ. ಅವರ ಹಿಂದೆ ಸಿಂದಗಿಯಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ ಮತ್ತು ಅವರ ಹೆಂಡತಿ ಆಕಳಿಸುತ್ತ ನಿಂತಿದ್ದಾರೆ. ಬಾಡಿಗೆ ಮನೆ ನೋಡಲು ಕೋಳಿ ಕೂಗುವ ಹೊತ್ತಿಗೆ ಬರಬೇಕೆಂದರೆ ಯಾರಿಗೆ ತಾನೆ ಸಂತೋಷ?

ಬೀಗ ತೆಗೆದ ಶೇವಂತೆವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಒಳಗ ಬರೂಕಿಂತ ಮೊದಲ ಇದರ ಕೊರತಿ ಕೇಳ್ರಿ. ಇದು ಎರಿ ನೆಲ. ಬ್ಯಾಸಿಗ್ಯಾಗ ಹಿತ್ತಲ ಗ್ವಾಡಿ ಬಿರಕ ಬಿಡ್ತೈತಿ. ಮನಿ ಬೀಳೂದಿಲ್ಲ, ಖರೆ ನೋಡಾಕ ಚಂದ ಕಾಣೂದಿಲ್ಲ. ಬೋರಿನ ನೀರು ಸವಳು, ಬ್ಯಾಳಿ ಕುದಿಯೂದಿಲ್ಲ. ನಲ್ಲಿ ನೀರು ಸೀ ಐತಿ, ಆದ್ರ ಈ ಹೊತ್ತಿಗೇ ಎದ್ದು ಹಿಡಕೋಬೇಕು. ಅದಕ್ಕ ನಿಮ್ಮನ್ನ ಈಗ ಕರದೇನಿ. ಇನ್ನ ಬಾಜೂಮನಿ ಅಜ್ಜ ನಸಕಿನ್ಯಾಗ ಭಜನಿ ಹೇಳ್ತಾನ, ದನಿ ಜೋರ ಐತಿ."

ಅಂಗಳದ ನಲ್ಲಿ ತಿರುಗಿಸುತ್ತಾರೆ. ನಲ್ಲಿ ಒಂದೆರಡು ಸಲ ಕೆಮ್ಮಿ, ಗಾಳಿ ಉಗುಳಿ, ಕೊನೆಗೆ ನೀರು ಬಿಡುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಅಜ್ಜನ ದನಿ ಏಳುತ್ತದೆ. ಗುಮಾಸ್ತರ ಹೆಂಡತಿಗೆ ನಗು ತಡೆಯಲಾಗುವುದಿಲ್ಲ. ಶೇವಂತೆವ್ವ ಆಗ ಬಾಗಿಲಿನಿಂದ ಸರಿಯುತ್ತಾರೆ. "ಇಷ್ಟು ಬಿಟ್ರ ಮನಿ ಛಲೋ ಐತಿ. ಈಗ ಒಳಗ ಬರ್ರಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ ಹಿರಿಯರು. ಅವರು ಹೇಳಿದ್ದು ಮದುವೆಗೆ ಮಾತ್ರ. ಮನೆ ದಲಾಲರು ಅದನ್ನು ತಮ್ಮ ಕಸುಬಿಗೂ ಎಳೆದುಕೊಂಡುಬಿಟ್ಟಿದ್ದಾರೆ. ಗಟಾರದ ಮಗ್ಗುಲಿನ ಮನೆ ಅವರ ಬಾಯಲ್ಲಿ 'ಗಾಳಿ ಛಲೋ ಬರೂ ಮನಿ' ಆಗುತ್ತದೆ. ಊರಾಚೆಯ ಪ್ಲಾಟು 'ನಾಳೆ ಬಸ್‌ಸ್ಟ್ಯಾಂಡ್ ಇಲ್ಲೇ ಬರ್ತೈತಿ' ಆಗುತ್ತದೆ. ಇಂಥವರ ನಡುವೆ ಕೊರತೆಯಿಂದಲೇ ಮಾತು ಶುರುಮಾಡುವ ಈ ಹೆಣ್ಣುಮಗಳು ಇಷ್ಟು ವರ್ಷ ಹೇಗೆ ಬಾಳಿದರು ಎನ್ನುವುದೇ ಒಂದು ಸೋಜಿಗ.

ಶೇವಂತೆವ್ವ ಈ ಕಸುಬಿಗೆ ಬಂದದ್ದು ರೊಟ್ಟಿಯ ಬುಟ್ಟಿ ಹೊತ್ತು. ಗಂಡ ಕೃಷಿ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ಚೀಲ ಹೊತ್ತು ಹೊತ್ತು ಸೊಂಟ ಹಿಡಿದ ಮೇಲೆ ಅವರು ಮನೆಯಲ್ಲಿ ಕುಳಿತರು. ಇವರು ಜೋಳದ ರೊಟ್ಟಿ ಬಡಿದು ನೌಕರದಾರರ ಮನೆಗಳಿಗೆ ಕೊಡಲು ಹೊರಟರು. ರೊಟ್ಟಿ ಕೊಡುವವಳಿಗೆ ಪಡಸಾಲೆಯ ತಡೆಯಿಲ್ಲ, ನೇರ ಅಡುಗೆಮನೆಗೇ ದಾರಿ. ಹಾಗಾಗಿ ಯಾವ ಮನೆಯ ಒಲೆಯ ಹೊಗೆ ಹೊರಗೆ ಹೋಗುವುದಿಲ್ಲ, ಯಾರಿಗೆ ಬಸವನ ಬಾಗೇವಾಡಿಗೋ ಇಂಡಿಗೋ ವರ್ಗವಾಗಿದೆ, ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ ಎನ್ನುವುದೆಲ್ಲ ಮಾಲೀಕರಿಗಿಂತ ಮೊದಲು ಇವರಿಗೇ ಗೊತ್ತು. "ಅವ್ವಾ, ಒಂದು ಮನಿ ಇದ್ರ ಹೇಳು" ಎಂದು ಜನ ಕೇಳತೊಡಗಿದರು. ಬುಟ್ಟಿ ಹಗುರಾಯಿತು, ಸೆರಗಿನ ಗಂಟಿಗೆ ಕೀಲಿ ಸೇರಿತು.

ಕೊರತೆ ಮೊದಲು ಹೇಳುವ ಪದ್ಧತಿಯ ಹಿಂದೆ ಒಂದು ಮಳೆಗಾಲವಿದೆ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ದಲಾಲನೊಬ್ಬ ಇವರಿಗೇ ಒಂದು ಮನೆ ತೋರಿಸಿದ್ದ. ಎಲ್ಲ ಛಲೋ ಐತಿ ಅಂದಿದ್ದ. ಮೊದಲ ದೊಡ್ಡ ಮಳೆಗೆ ಓಣಿಯ ನೀರೆಲ್ಲ ಹೊಸ್ತಿಲು ದಾಟಿ ಒಳಗೆ ಬಂತು. ವರ್ಷಕ್ಕೆಂದು ತುಂಬಿಸಿಟ್ಟ ಜೋಳ ಚೀಲದಲ್ಲೇ ಮೊಳಕೆ ಒಡೆಯಿತು. "ನೀರ ಬರ್ತೈತಿ ಅಂತ ಒಂದ ಮಾತ ಹೇಳಿದ್ರ ಚೀಲ ಮ್ಯಾಗ ಇಡ್ತಿದ್ನಿ, ಅಷ್ಟ ಅಲ್ರಿ? ಮನಿ ಬ್ಯಾಡ ಅಂತಿರಲಿಲ್ಲ. ನಮಗ ಅದಕ್ಕಿಂತ ಛಲೋ ಮನಿ ಎಲ್ಲಿ ಸಿಗ್ತಿತ್ತು?" ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. ಆದರೆ ಆ ಜೋಳವನ್ನು ಅವರು ಇನ್ನೂ ಮರೆತಿಲ್ಲ.

ಮೊನ್ನೆ ಮೊನ್ನೆಯವರೆಗೆ ಇವರ ಕಚೇರಿ ಎಂದರೆ ಬಸ್‌ಸ್ಟ್ಯಾಂಡ್ ಬಳಿ ರಸೂಲಸಾಬರ ಚಹಾದಂಗಡಿಯ ಬೆಂಚು. ಬೆಳಗಿನ ಮನೆ ತೋರಿಸುವ ಕೆಲಸ ಮುಗಿದರೆ ಮಧ್ಯಾಹ್ನದವರೆಗೆ ಅಲ್ಲೇ ಠಿಕಾಣಿ. ಬಂದವರಿಗೆ ಚಹಾ ಹೇಳುವುದು, ಮಾತು ಕುದುರಿಸುವುದು, ಕೀಲಿ ಇಸಿದುಕೊಳ್ಳುವುದು ಎಲ್ಲವೂ ಆ ಬೆಂಚಿನ ಮೇಲೆಯೇ. ಬಾಡಿಗೆ ಮನೆಯಿಂದ ಸಿಗುವುದು ಕೈಗೂ ಬಾಯಿಗೂ ಸರಿ. ಸಂಸಾರದ ಗಾಡಿ ಎಳೆಯುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ ಕುದುರುವ ಹೊಸ ಲೇಔಟಿನ ಪ್ಲಾಟು ವ್ಯವಹಾರ.

ಆ ವ್ಯವಹಾರಕ್ಕೇ ಕುತ್ತು ಬಂತು. ಹೊಸ ಲೇಔಟುಗಳ ಪ್ಲಾಟು ಮಾರಾಟದಲ್ಲಿ ನಡುವೆ ನಿಲ್ಲುವವರು ಸರ್ಕಾರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ 'ರೇರಾ'ದಲ್ಲಿ ಏಜೆಂಟ್ ಎಂದು ನೋಂದಣಿ ಮಾಡಿಸಿ ನಂಬರು ಪಡೆದಿರಬೇಕು ಎನ್ನುವ ಕಾನೂನು ಬಂದು ವರ್ಷಗಳೇ ಆಗಿವೆ. ಸಣ್ಣ ಊರಿನ ದಲಾಲರು ಅದನ್ನು ಬಹಳ ದಿನ ಕಿವಿಗೆ ಹಾಕಿಕೊಂಡಿರಲಿಲ್ಲ, ಶೇವಂತೆವ್ವನೂ ಅಷ್ಟೇ. ಕಳೆದ ವರ್ಷ ಲೇಔಟಿನ ಮಾಲೀಕರೊಬ್ಬರು ಬೆಂಚಿನ ತನಕ ಬಂದು ಕಡ್ಡಿ ಮುರಿದಂತೆ ಹೇಳಿದರು: ನಂಬರಿಲ್ಲದವರು ಇನ್ನು ಮುಂದೆ ನಮ್ಮಲ್ಲಿಗೆ ಗಿರಾಕಿ ತರಬೇಡಿ.

ಅದರ ಬೆನ್ನಿಗೇ ಇನ್ನೊಬ್ಬರು ಬಂದರು. ಆಗಲೇ ನಂಬರು ಪಡೆದಿದ್ದ ದಲಾಲರು ಅವರು. ನೀನು ಗಿರಾಕಿ ತಾ, ವ್ಯವಹಾರ ನನ್ನ ನಂಬರಿನಲ್ಲಿ ಆಗಲಿ, ನಿನ್ನ ಪಾಲು ನಿನಗೆ ಎಂದರು. ಕೇಳಲಿಕ್ಕೆ ರೊಟ್ಟಿಗೆ ಬೆಣ್ಣೆ ಹಚ್ಚಿದಂತಿತ್ತು. ಎದ್ದು ಹೋಗುವಾಗ ಒಂದು ಮಾತು ಸೇರಿಸಿದರು: "ಖರೆ ಕೊರತಿ ಗಿರತಿ ಹೇಳೂದ ಬಂದ್ ಮಾಡಬೇಕ ನೋಡವಾ. ಅದೆಲ್ಲ ನನ್ನ ಹೆಸರಿನ್ಯಾಗ ನಡ್ಯೂದಿಲ್ಲ."

ಆ ರಾತ್ರಿ ಶೇವಂತೆವ್ವ ಗಂಡನಿಗೆ ಅಂದದ್ದಿಷ್ಟು: "ಬಾಯಿ ಮುಚ್ಚಿಕೊಂಡು ಮನಿ ತೋರಸೂದಂದ್ರ ರೊಟ್ಟಿ ಬುಟ್ಟಿನ ಛಲೋ." ಗಂಡ ಸೊಂಟ ನೀವಿಕೊಳ್ಳುತ್ತ ಉತ್ತರ ಕೊಟ್ಟರು: "ಹಂಗಾರ ನಂಬರ್ ನೀನ ತಗೋ." ಹೇಳುವುದು ಸುಲಭ.

ಅರ್ಜಿ ತುಂಬಲು ಕೂತವಳು ಆನ್‌ಲೈನ್ ಸೇವಾ ಕೇಂದ್ರ ನಡೆಸುವ ಐಶ್ವರ್ಯ. ಶೇವಂತೆವ್ವ ಕೊಡಿಸಿದ ಬಾಡಿಗೆ ಮನೆಯಲ್ಲೇ ಬೆಳೆದ ಹುಡುಗಿ, ಪ್ರೀತಿಯಿಂದ ದೊಡ್ಡವ್ವ ಅನ್ನುತ್ತಾಳೆ. ಪ್ಯಾನ್ ಕಾರ್ಡು ಇತ್ತು, ಫೋಟೊ ತೆಗೆಸಿದ್ದಾಯಿತು, ಶುಲ್ಕಕ್ಕೆ ಮಹಿಳಾ ಸಂಘದ ಸಾಲ ಒದಗಿತು. ಎಲ್ಲ ಸಲೀಸಾಗಿ ಸಾಗುತ್ತಿದ್ದಾಗ ಐಶ್ವರ್ಯ ಪರದೆ ನೋಡುತ್ತ ಕೇಳಿದಳು: "ದೊಡ್ಡವ್ವ, ನಿನ್ನ ಮ್ಯಾಲೆ ಏನರ ಅದಾವೇನ?"

ಶೇವಂತೆವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಸರ್ಕಾರವೇ ಕೇಳಿದ ಮೇಲೆ ಮುಚ್ಚಿಡುವುದುಂಟೆ? "ಅದಾವು, ಬರಕೋ. ಬಾಗೇವಾಡಿಯವರಿಗೆ ಒಂದ ಮನಿ ಕೊಡಸಿದ್ನಿ, ಮ್ಯಾಗಿನ ಖೋಲ್ಯಾಗ ಪಾರಿವಾಳ ಗೂಡ ಕಟ್ಟ್ಯಾವ ಅಂತ ಹೇಳಾಕ ಮರತ್ನಿ. ಒಬ್ಬ ಬಾಡಿಗಿಯಾಂವ ಫ್ಯಾನ ಬಿಚ್ಚಿಕೊಂಡು ಹ್ವಾದ, ಅವನ್ನ ಕರಕೊಂಡು ಬಂದಾಕಿ ನಾನ. ಮತ್ತ ನನ್ನ ದನಿ ಜೋರ ಐತಿ, ಮಂದಿ ಜಗಳ ತಗದಾಳ ಅಂತ ತಿಳೀತಾರ. ಸಿಟ್ಟು ಬಂದ್ರ ಊಟ ಬಿಡ್ತೇನಿ."

"ದೊಡ್ಡವ್ವ, ಅವರು ಕೋರ್ಟ್ ಕೇಸ್ ಕೇಳ್ಯಾರ. ನಿನ್ನ ಕೊರತಿ ಕೇಳಿಲ್ಲ," ಎಂದು ಐಶ್ವರ್ಯ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಶೇವಂತೆವ್ವನಿಗೆ ಮಾತ್ರ ಇವತ್ತಿಗೂ ಅದು ಸರಿ ಕಾಣುವುದಿಲ್ಲ. ನಂಬರು ಕೊಡುವವರಿಗೆ ಇವಳು ಎಂಥವಳು ಅಂತ ಗೊತ್ತಿರಬೇಡವೇ ಎನ್ನುವುದು ಅವರ ವಾದ.

ನಗು ನಿಂತದ್ದು ಮುಂದಿನ ಪ್ರಶ್ನೆಗೆ: ವ್ಯವಹಾರ ನಡೆಸುವ ಸ್ಥಳದ ವಿಳಾಸ ಮತ್ತು ಅದರ ದಾಖಲೆ. ಶೇವಂತೆವ್ವ ಧೈರ್ಯವಾಗಿ ರಸೂಲಸಾಬರ ಚಹಾದಂಗಡಿ ಎಂದರು. ಆದರೆ ರಸೂಲಸಾಬರ ಅಂಗಡಿಯೇ ರಸ್ತೆ ಬದಿಯ ನಾಲ್ಕು ತಗಡಿನ ಆಸರೆ, ಅದಕ್ಕೆಲ್ಲಿಯ ದಾಖಲೆ? "ತಂಗಿ, ನನ್ನ ಕಡೆ ಚಹಾ ಐತಿ, ಸಕ್ಕರಿ ಐತಿ, ಕಾಗದ ಒಂದ ಇಲ್ಲ ನೋಡು," ಎಂದು ಆ ಹಿರಿಯ ಮನುಷ್ಯ ತಲೆ ತಗ್ಗಿಸಿ ಚಹಾ ಸೋಸತೊಡಗಿದರು. ಶೇವಂತೆವ್ವನ ಸ್ವಂತ ವಾಸವೂ ಮೈದುನನ ಹೆಸರಿನ ಮನೆಯ ಒಂದು ಪಾಲಿನಲ್ಲಿ. ದಲಾಲಿ ಕಸುಬಿಗೆ ಮನೆಯ ಕಾಗದ ಕೊಡಲು ಮೈದುನ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ: ಒಂದು ಖೋಲಿ ಬಾಡಿಗೆಗೆ ಹಿಡಿದು ಕರಾರುಪತ್ರ ಮಾಡಿಸುವುದು.

ಊರಿಗೆಲ್ಲ ಮನೆ ಕೊಡಿಸಿದವರು ಈಗ ತಮಗೊಂದು ಖೋಲಿ ಹುಡುಕುತ್ತ ಹೊರಟರು. ಒಬ್ಬ ಮಾಲೀಕ ಹೆಣ್ಣುಮಗಳಿಗೆ ಅಂಗಡಿ ಯಾಕೆ ಎಂದ. ಇನ್ನೊಬ್ಬ ಮೊಬೈಲ್ ಅಂಗಡಿಯವರು ಕೇಳಿದ್ದಾರೆ ಎಂದ. ಮೂರನೆಯವ ಮಾತ್ರ ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಹೇಳಿದ: "ನೀ ದಿನಾ ಇಲ್ಲೇ ಕುಂತ್ರ ನನ್ನ ಕಟ್ಟಡದ ಕೊರತಿ ಊರಿಗೆಲ್ಲ ಹೇಳ್ತಿ. ನಿಂಗ ಖೋಲಿ ಕೊಡೂದಂದ್ರ ಓಣ್ಯಾಗ ಡಂಗುರ ಇಟ್ಟಂಗ." ಶೇವಂತೆವ್ವ ಅಲ್ಲಿಂದ ಎದ್ದು ಬಂದರು. "ಅವ ಹೇಳಿದ್ದೂ ಖರೇನ ಇತ್ತಲ್ರಿ," ಎನ್ನುತ್ತಾರೆ.

ಒಂದು ಖೋಲಿ ಮಾತ್ರ ಖಾಲಿಯಿತ್ತು. ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ, ನಿವೃತ್ತ ಶಿಕ್ಷಕ ಶ್ರೀವಲ್ಲಭ ಮಾಸ್ತರರದ್ದು. ಆದರೆ ಶೇವಂತೆವ್ವ ಆ ಮನೆಯ ಕಟ್ಟೆ ಹತ್ತಿ ಒಂಬತ್ತು ವರ್ಷವಾಗಿತ್ತು. ಆಲಮಟ್ಟಿಯ ಕಾಲುವೆ ಕೆಲಸದಲ್ಲಿದ್ದ ಮಡಿವಾಳಪ್ಪ ಎಂಬುವರಿಗೆ ಮಾಸ್ತರರ ಮಹಡಿಯ ಮನೆ ತೋರಿಸುವಾಗ ಇವರು ವಾಡಿಕೆಯಂತೆ ಬಾಗಿಲಲ್ಲೇ ನಿಂತು, ಮಳೆಗಾಲದಲ್ಲಿ ಅಡುಗೆಮನೆಯ ಗೋಡೆ ಹಸಿ ಹಿಡಿಯುತ್ತದೆ ಎಂದುಬಿಟ್ಟಿದ್ದರು. ಒಳಗಿದ್ದ ಮಾಸ್ತರರ ಕಿವಿಗೆ ಅದು ಬಿತ್ತು. "ನನ್ನ ಬಾಗಲದಾಗ ನಿಂತು ನನ್ನ ಮನೀನ ಹಳೀತೀ? ಇನ್ನ ಮ್ಯಾಲೆ ಈ ಕಟ್ಟಿ ಹತ್ತಬ್ಯಾಡ," ಎಂದು ಓಣಿಗೆಲ್ಲ ಕೇಳುವಂತೆ ಗದರಿದರು. ಮಡಿವಾಳಪ್ಪ ಮನೆ ಹಿಡಿದರು, ಶೇವಂತೆವ್ವ ಕಟ್ಟೆ ಬಿಟ್ಟರು.

ಈಗ ಆ ಗಲ್ಲಿಯಲ್ಲಿ ಹಾದುಹೋಗುವಾಗ ಬೀಗ ಜಡಿದ ಶಟರಿನ ಕಡೆ ಒಂದು ಕಣ್ಣು ಹಾಯಿಸಿ ಮುಂದೆ ನಡೆಯುತ್ತಿದ್ದರು. ಹೋಗಿ ಕೇಳು ಎಂದು ರಸೂಲಸಾಬರು ಎಷ್ಟು ಹೇಳಿದರೂ ಕಾಲು ಏಳಲಿಲ್ಲ. ದಿನ ಕಳೆದಂತೆ ನಂಬರಿನ ಆಸೆ ಸಣ್ಣಗಾಗುತ್ತ ಬಂತು. ಇನ್ನೊಬ್ಬರ ನಂಬರಿನ ಕೆಳಗೆ ಬಾಯಿ ಮುಚ್ಚಿಕೊಂಡು ದುಡಿಯುವುದೋ, ಮತ್ತೆ ರೊಟ್ಟಿ ಬಡಿಯುವುದೋ ಎಂಬಲ್ಲಿಗೆ ಬಂದು ನಿಂತರು. ಆ ದಿನಗಳಲ್ಲಿ ಅಕ್ಕನ ಮಾತೇ ಕಡಿಮೆಯಾಗಿತ್ತು ಎಂದು ಚಹಾದಂಗಡಿಯ ಗಿರಾಕಿಗಳು ಇವತ್ತಿಗೂ ನೆನೆಯುತ್ತಾರೆ.

ಅಷ್ಟರಲ್ಲಿ ಮಡಿವಾಳಪ್ಪನವರಿಗೆ ನಿವೃತ್ತಿಯಾಯಿತು. ಮಸೂತಿ ಎಂಬ ಊರಿನಲ್ಲಿ ಸ್ವಂತ ಮನೆ ಕಟ್ಟಿಸಿ, ಮಾಸ್ತರರ ಮನೆಯ ಕೀಲಿ ಒಪ್ಪಿಸಲು ಬಂದರು. ಒಂಬತ್ತು ವರ್ಷ ಒಂದು ತಕರಾರಿಲ್ಲದೆ ಇದ್ದಿರಲ್ಲ ಎಂದು ಮಾಸ್ತರರು ಉಪಚಾರದ ಮಾತಾಡಿದರು. ಅದಕ್ಕೆ ಕೊಟ್ಟ ಉತ್ತರವನ್ನು ಮಡಿವಾಳಪ್ಪ ಮಸೂತಿಯಿಂದ ಫೋನಿನಲ್ಲಿ ಮತ್ತೊಮ್ಮೆ ಹೇಳುತ್ತಾರೆ: "ಗ್ವಾಡಿ ಹಸಿ ಹಿಡಿತೈತಿ ಅಂತ ಆ ಅಕ್ಕ ಮೊದಲ ದಿನಾನ ಹೇಳಿದ್ದಳ್ರಿ. ಹಂಗಾಗಿ ಕಾಳಿನ ಡಬ್ಬಿ ಆ ಕಡೆ ಇಡಲೇ ಇಲ್ಲ. ಗೊತ್ತಿದ್ದ ಕೊರತಿಗೆ ಯಾರ ಮ್ಯಾಲೆ ಸಿಟ್ಟಾಗೂದ್ರಿ? ಗೊತ್ತಿಲ್ದ ಹೋಗಿದ್ರ ಮೊದಲ ಮಳಿಗೇ ನಾ ಮನಿ ಬಿಡ್ತಿದ್ನಿ."

ಶೇವಂತೆವ್ವ ಖೋಲಿ ಹುಡುಕುವ ಸುದ್ದಿ ಮಾಸ್ತರರ ಕಿವಿಗೂ ಬಿದ್ದಿತ್ತು. ಎರಡು ದಿನ ಬಿಟ್ಟು ಅವರ ಹೆಂಡತಿ ನಲಿನಿಬಾಯಿ ರಸೂಲಸಾಬರ ಅಂಗಡಿಯ ಮುಂದೆ ಬಂದು ನಿಂತರು. ಎಂದೂ ಆ ಕಡೆ ಸುಳಿಯದವರು ಬಂದದ್ದು ಕಂಡು ಬೆಂಚಿನವರೆಲ್ಲ ಎದ್ದು ನಿಂತರು. "ಶೇವಂತೆವ್ವ, ನಮ್ಮನ್ಯಾಗ ಕರೀಲಿಕ್ಕತ್ತಾರ ಬಾರವಾ," ಎಂದಷ್ಟೇ ಅಂದರು.

ಮಾಸ್ತರರು ಖಾಲಿ ಖೋಲಿಯ ಮುಂದೆ ಕಾಯುತ್ತಿದ್ದರು. ಶಟರು ಇನ್ನೂ ಮುಚ್ಚಿಯೇ ಇತ್ತು, ಕೀಲಿ ಅವರ ಕೈಯಲ್ಲಿತ್ತು. ಹಳೆಯ ಮಾತನ್ನು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಮಾಸ್ತರರು ಒಮ್ಮೆ ಗಂಟಲು ಸರಿ ಮಾಡಿಕೊಂಡರು. "ನೋಡು, ಒಳಗ ಹೋಗೂಕಿಂತ ಮೊದಲ ಹೇಳ್ತೀನಿ. ಪಡುವಣ ಮೂಲ್ಯಾಗ ಮಳಿ ಬಂದ್ರ ಸೋರ್ತದ. ಎರಡು ಸಲ ರಿಪೇರಿ ಮಾಡಿಸ್ದೆ, ನಿಂದರಲಿಲ್ಲ. ಶಟರ್ ಅರ್ಧಕ್ಕ ಹಿಡೀತದ, ಒದ್ದರ ಮ್ಯಾಲೆ ಹೋಗ್ತದ. ಹಿಂದ ಗಟಾರ ಅದ, ಸಂಜೀಕ ಸೊಳ್ಳಿ ಬರ್ತಾವ."

ಶೇವಂತೆವ್ವ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ಇಷ್ಟು ವರ್ಷ ಸಾಲು ಸಾಲು ಜನಕ್ಕೆ ಕೊರತೆ ಹೇಳಿದ ಅವರಿಗೆ, ಬಾಗಿಲಲ್ಲಿ ನಿಂತು ಕೊರತೆ ಹೇಳಿದವರು ಬಾಳಿನಲ್ಲಿ ಮಾಸ್ತರರೊಬ್ಬರೇ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಒಂದ ಬಿಟ್ರಿ ಮಾಸ್ತರ. ಬಾಜೂ ಹಿಟ್ಟಿನ ಗಿರಣಿ ಸುರು ಆದ್ರ ಇಲ್ಲಿ ಮಾತ ಕೇಳೂದಿಲ್ಲ."

ಮಾಸ್ತರರು ನಕ್ಕುಬಿಟ್ಟರು. "ಹೌದು, ಅದೂ ಅದ. ಈಗ ನಿನ್ನ ಕೊರತಿ ಹೇಳು. ಬಾಡಿಗಿಯವರದೂ ನಮಗ ಗೊತ್ತಿರಬೇಕಲ್ಲ."

"ನನ್ನ ಬಾಯಿ ಸುಮ್ಮನಿರೂದಿಲ್ರಿ."

"ಅದು ಒಂಬತ್ತು ವರ್ಷದ ಹಿಂದನ ಗೊತ್ತಾಗ್ಯದ," ಎಂದು ಅವರು ಕೀಲಿಯನ್ನು ಶೇವಂತೆವ್ವನ ಅಂಗೈಯಲ್ಲಿಟ್ಟರು. ಕರಾರುಪತ್ರ ಮಾತ್ರ ಛಾಪಾ ಕಾಗದದ ಮೇಲೆ ಸರಿಯಾಗಿ ಆಗಬೇಕು ಎಂದು ಪಟ್ಟು ಹಿಡಿದು, ಕರಡನ್ನು ತಾವೇ ಕೂತು ಬರೆದರು. ಹತ್ತಾರು ಜನರ ಬಾಡಿಗೆ ಕರಾರಿಗೆ ಸಾಕ್ಷಿ ಹಾಕಿದ್ದ ಶೇವಂತೆವ್ವ ಮೊದಲ ಸಲ ಬಾಡಿಗೆದಾರಳ ಜಾಗದಲ್ಲಿ ಸಹಿ ಹಾಕಿದರು.

ಅರ್ಜಿ ಹೋಯಿತು. ಒಮ್ಮೆ ಇನ್ನೊಂದು ಕಾಗದ ಕೇಳಿದರು, ಅದೂ ಹೋಯಿತು. ಮಳೆಗಾಲ ಹತ್ತಿರ ಬರುತ್ತಿದ್ದಾಗ ಒಂದು ಮಧ್ಯಾಹ್ನ ಐಶ್ವರ್ಯ ಕೇಂದ್ರದ ಬಾಗಿಲು ಎಳೆದುಕೊಂಡು ಓಡಿಬಂದಳು. ನಂಬರು ಬಂದಿತ್ತು. ಶೇವಂತೆವ್ವ ಆ ಹಾಳೆಯಲ್ಲಿ ಮೊದಲು ಬೆರಳಿಟ್ಟು ನೋಡಿದ್ದು ನಂಬರನ್ನಲ್ಲ, ತಮ್ಮ ಹೆಸರಿನ ಕೆಳಗಿದ್ದ ವಿಳಾಸವನ್ನು. ಖೋಲಿಗೆಂದು ಬರೆಸಿದ ಹೆಸರಿನ ಬೋರ್ಡನ್ನು ಗೋಡೆಗೆ ಹೊಡೆದದ್ದು ರಸೂಲಸಾಬರು. ಮೊಳೆ ಹೊಡೆಯುತ್ತಲೇ ಹೊಟ್ಟೆಯಲ್ಲಿದ್ದ ಮಾತು ಹೊರಗೆ ಹಾಕಿದರು: "ಬೆಂಚಿನ ಮ್ಯಾಗ ಈಗ ಜಾಗ ಭಾಳ ಆಗೈತಿ. ಖರೆ ನಂಗ ಬ್ಯಾಸರ ಆಗಾಕತ್ತೈತಿ ತಂಗಿ." ದಿನಕ್ಕೆರಡು ಸಲ ಅವರೇ ಕೆಟಲ್ ಹಿಡಿದು ಈ ಗಲ್ಲಿಗೆ ಬರುತ್ತಾರೆ. ಕರೆಯದಿದ್ದರೂ ಬರುತ್ತಾರೆ.

ಆಸೆ ಏನಾದರೂ ಉಳಿದಿದೆಯೇ ಎಂದು ಕೇಳಿದರೆ ಶೇವಂತೆವ್ವ ತುಸು ನಾಚುತ್ತಾರೆ. "ನಾ ಕೊಡಿಸಿದ ಪ್ಲಾಟಿನ್ಯಾಗ ಮಂದಿ ಮನಿ ಕಟ್ತಾರ. ವಾಸ್ತುಶಾಂತಿ ಮಾಡ್ತಾರ, ಗೌಂಡಿಗೂ ಬಡಿಗ್ಯಾಗೂ ಊಟಕ್ಕ ಹೇಳ್ತಾರ. ದಲಾಲರ ನೆನಪ ಯಾರಿಗೂ ಬರೂದಿಲ್ಲ. ಒಬ್ಬರರ ಕರದು, ಈಕಿ ತೋರಿಸಿದ ಜಾಗಾ ಇದು ಅಂತ ಒಂದು ಹೋಳಿಗಿ ಹಾಕಿದ್ರ ಸಾಕ್ರಿ."

ಅಜ್ಜನ ಭಜನೆ ಕೇಳಿದ ದಿನವೇ ಮಧ್ಯಾಹ್ನ. ಬೆಳಿಗ್ಗೆ ಮನೆ ನೋಡಿದ ಸಿಂದಗಿಯ ಗುಮಾಸ್ತ ದಂಪತಿ ಖೋಲಿ ಹುಡುಕಿಕೊಂಡು ಬರುವಷ್ಟರಲ್ಲಿ ಮಳೆ ಜೋರಾಗಿದೆ. ಪಕ್ಕದ ಗಿರಣಿಯೂ ಶುರುವಾಗಿದೆ. ಅಜ್ಜನ ಭಜನೆಗೆ ತಮ್ಮದೇನೂ ಅಭ್ಯಂತರವಿಲ್ಲ, ಮನೆ ಹಿಡಿಯುತ್ತೇವೆ ಎಂದು ಗುಮಾಸ್ತರು ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳುತ್ತಾರೆ. ಅವರ ಹೆಂಡತಿ ಮೈ ಒರೆಸಿಕೊಳ್ಳುತ್ತ ಮೂಲೆಯ ಕುರ್ಚಿಯ ಕಡೆ ಹೆಜ್ಜೆ ಹಾಕುತ್ತಾರೆ. ಶೇವಂತೆವ್ವ ಎದ್ದು ಆ ಕುರ್ಚಿಯನ್ನು ಎಳೆದು ತಮ್ಮ ಪಕ್ಕಕ್ಕೆ ಹಾಕುತ್ತಾರೆ.

"ಆ ಮೂಲ್ಯಾಗ ಕುಂದರಬ್ಯಾಡ್ರಿ ತಂಗಿ, ಅಲ್ಲಿ ಸೋರ್ತೈತಿ," ಎನ್ನುತ್ತಾರೆ. ಮಗಳ ಮಾರ್ಕು ಹೇಳುವ ತಾಯಿಯ ದನಿ ಅದು. "ಇದು ನನ್ನ ಆಫೀಸು."